ಜ್ವರ ಬಿಟ್ಟ ಮೇಲಿನ ಸಕ್ಕರೆ

ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆಗೆ ಒಂದು ಮರ್ಯಾದೆಯಿದೆ. ಐವತ್ತು ದಾಟಿದವರಿಗೆ, ಹೊಟ್ಟೆ ಮುಂದಕ್ಕೆ ಬಂದವರಿಗೆ, ಮಗಳ ಮದುವೆ ಮುಗಿಸಿ ಕೂತವರಿಗೆ ಅದು ಹೇಳಿ ಕಳಿಸಿ, ಸಾವಕಾಶವಾಗಿ ಬರುತ್ತದೆ. ನನಗೆ ಆಗ ಇಪ್ಪತ್ತಮೂರು. ಹೊಟ್ಟೆಯ ಮಾತು ಬಿಡಿ, ಬೆಲ್ಟಿಗೆ ಮೊಳೆ ಹೊಡೆದು ಎರಡು ತೂತು ಹೆಚ್ಚಿಗೆ ಮಾಡಿಕೊಂಡಿದ್ದವನು. ಸೋಮವಾರ ಜ್ವರ ಬಂತು, ಭಾನುವಾರ ಐಸಿಯು. ವಾರ ತುಂಬುವವರೆಗೆ ಕಾಯುವ ಸೌಜನ್ಯವೂ ಅದಕ್ಕಿರಲಿಲ್ಲ. ಈಗ ದಿನಕ್ಕೆ ನಾಲ್ಕು ಸಲ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತೇನೆ. ಚುಚ್ಚಿಕೊಂಡರೆ ಇರುತ್ತೇನೆ, ಇಲ್ಲದಿದ್ದರೆ ಇಲ್ಲ. ಇಷ್ಟು ಸರಳವಾದ ಮಾತು ನನ್ನ ತಲೆಗೂ ನಮ್ಮಪ್ಪನ ತಲೆಗೂ ಇಳಿಯಲು ಐದು ತಿಂಗಳು ಹಿಡಿಯಿತು.

ನಮ್ಮದು ಪಾಂಡವಪುರದಲ್ಲಿ ಚಿನ್ನ ಬೆಳ್ಳಿ ಕೆಲಸದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಕುಸುರಿ ಕೆಲಸ ಮಾಡುತ್ತಾನೆ. ನಾನು ಬೆಸುಗೆ ಹಾಕುತ್ತೇನೆ, ಪಾಲೀಷು ಮಾಡುತ್ತೇನೆ, ಗಿರಾಕಿ ಮೆಟ್ಟಿಲಿಳಿದು ಹೋದ ಮೇಲೆ ಅವರ ಹಾಗೇ ಮಾತಾಡಿ ತೋರಿಸುತ್ತೇನೆ. ಮೂರನೆಯ ಕೆಲಸಕ್ಕೆ ಕೂಲಿಯಿಲ್ಲ, ಆದರೆ ಊರಲ್ಲಿ ನನಗೆ ಹೆಸರು ಬಂದಿರುವುದು ಅದರಿಂದಲೇ.

ಆ ಸಲ ಊರಿಗೆಲ್ಲ ಜ್ವರ. ಎಲ್ಲರೂ ಅದನ್ನು ‘ವೈರಲ್ಲು’ ಅನ್ನುತ್ತಿದ್ದರು. ಹೊಸದಾಗಿ ಬಂದ ನೆಂಟರ ಹೆಸರು ಹೇಳಿದ ಹಾಗೆ. ನಮ್ಮ ಮನೆಯಲ್ಲಿ ಮೊದಲು ಅವ್ವ ಮಲಗಿದಳು, ಆಮೇಲೆ ಅಪ್ಪ, ಕೊನೆಗೆ ನಾನು. ಅಪ್ಪನ ಕೆಮ್ಮು ಹಳೇ ಸ್ಕೂಟರನ್ನು ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿದ ಹಾಗಿತ್ತು. ಅವ್ವನದು ಪಕ್ಕದ ಮನೆಯವರಿಗೆ ಕೇಳದಿರಲಿ ಅಂತ ಸೆರಗಿನಲ್ಲಿ ಹಿಡಿದ ಕೆಮ್ಮು. ಎರಡನ್ನೂ ಮಾಡಿ ತೋರಿಸುತ್ತಾ ಮಲಗಿದ್ದೆ. ಬುಧವಾರಕ್ಕೆ ನನಗೂ ಜ್ವರ ಬಿಟ್ಟಿತು. ಗೆದ್ದೆ ಅಂದುಕೊಂಡೆ.

ಅವತ್ತು ಸಂಜೆಯಿಂದ ಬಾಯಾರಿಕೆ ಶುರುವಾಯಿತು. ಚೊಂಬು ಖಾಲಿ, ಬಿಂದಿಗೆ ಖಾಲಿ, ಆದರೂ ನಾಲಿಗೆ ಮರಳು ಕಾಗದ. ಕುಡಿದದ್ದೆಲ್ಲ ಬಚ್ಚಲಿಗೆ. ಗುರುವಾರ ಹೊಟ್ಟೆನೋವು, ವಾಂತಿ. ಕಾಲು ಯಾರದೋ ಅನ್ನಿಸಿತು. ಅಪ್ಪ ನನ್ನನ್ನು ಅಂಗಡಿಗೆ ಕರೆದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂರಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ.

ಚಿನ್ನದ ಅಂಗಡಿಯ ಬೆಳಕು ಹೇಗಿರುತ್ತದೆ ಅಂತ ಗೊತ್ತಲ್ಲ. ನಮ್ಮಲ್ಲಿ ನಾಲ್ಕು ಹಳದಿ ಬಲ್ಬುಗಳಿವೆ. ಅವುಗಳ ಕೆಳಗೆ ಹಿತ್ತಾಳೆಯ ಉಂಗುರ ಹಿಡಿದರೂ ಮದುವೆ ಹೆಣ್ಣಿನ ಮೈಮೇಲಿನದು ಅನ್ನಬೇಕು. ಅಪ್ಪ ನಲವತ್ತು ವರ್ಷದಿಂದ ಆ ಬೆಳಕಿನಲ್ಲಿ ಕೂತವನು. ಅವನಿಗೆ ಅದು ಬೆಳಕಲ್ಲ, ಗಾಳಿಯ ಹಾಗೆ. ಅದರಲ್ಲಿ ಕೂರಿಸಿಕೊಂಡು ಮಗನ ಕಣ್ಣು ನೋಡಿದ.

“ಅರಿಸ್ನ ಕಾಮಾಲೆ ಕಣ್ಲಾ ಇದು” ಅಂದ.

“ಎಷ್ಟು ಕ್ಯಾರೆಟ್ಟಪ್ಪಾ?” ಅಂದೆ.

“ಮುಚ್ಚಲಾ ಬಾಯ. ಇಪ್ಪತ್ತೆರಡು.”

ಹಳದಿಯ ವಿಷಯದಲ್ಲಿ ಅಪ್ಪನ ತೀರ್ಪಿನ ಮೇಲೆ ಅಪೀಲಿಲ್ಲ. ಇಡೀ ಪಾಂಡವಪುರ ಒಪ್ಪುವ ಕಣ್ಣು ಅದು. ಅವ್ವ ಒಪ್ಪಿದಳು. ನಾನೂ ಕನ್ನಡಿಯಲ್ಲಿ ನೋಡಿಕೊಂಡು ಒಪ್ಪಿದೆ. ಕನ್ನಡಿ ಇದ್ದದ್ದೂ ಅಂಗಡಿಯಲ್ಲೇ.

ಕಾಮಾಲೆಗೆ ನಮ್ಮ ಕಡೆ ಡಾಕ್ಟರಲ್ಲ, ಸೊಪ್ಪು. ಶುಕ್ರವಾರ ಬೆಳಿಗ್ಗೆ ನನ್ನ ಗೆಳೆಯ ಬೈಕಿನಲ್ಲಿ ಕೂರಿಸಿಕೊಂಡು ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದ. ಈ ಗೆಳೆಯ ಗೌಡರ ಮನೆಯವನು; ನಾಲ್ಕು ಸೀಮೆಹಸು, ಒಂದು ಪಿಕಪ್ಪು, ಸ್ವಲ್ಪ ಕಬ್ಬು. ಹಾಲಿನ ಡೈರಿಗೆ ಹಾಲು ಹಾಕಿ ಬಂದವನು ಕೈಯನ್ನೂ ತೊಳೆದಿರಲಿಲ್ಲ. ಹಳ್ಳಿಯಲ್ಲಿ ಒಬ್ಬ ಅಜ್ಜ ಯಾವುದೋ ಸೊಪ್ಪು ಅರೆದು, ಮೇಕೆ ಹಾಲಿನಲ್ಲಿ ಕಲಸಿ, ಖಾಲಿ ಹೊಟ್ಟೆಗೆ ಕೊಡುತ್ತಿದ್ದ. ದುಡ್ಡು ಮುಟ್ಟುವುದಿಲ್ಲ, ಎಲೆ ಅಡಿಕೆ ಸಾಕು. ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿದ.

“ಉಚ್ಚೆ ಯಾವ ಬಣ್ಣಕ್ಕೆ ಬತ್ತಾ ಅದಪ್ಪ?”

ನಿಜವಾಗಿ ಅದು ನೀರಿನಷ್ಟು ತಿಳಿಯಾಗಿತ್ತು. ಆದರೆ ನನ್ನ ನಾಲಿಗೆಗೆ ನಿಜ ಹೇಳುವ ಅಭ್ಯಾಸವಿಲ್ಲ. “ಬಂಗಾರದ ಬಣ್ಣ ಅಜ್ಜ. ನಾವು ಅಕ್ಕಸಾಲಿಗರಲ್ವಾ, ಬೇರೆ ಬಣ್ಣ ಬರಕಿಲ್ಲ” ಅಂದೆ. ಸುತ್ತ ಕೂತಿದ್ದವರು ನಕ್ಕರು. ಅಜ್ಜ ನಗಲಿಲ್ಲ, ತಲೆಯಾಡಿಸಿ ಬಟ್ಟಲು ಕೊಟ್ಟ. ನಿಜ ಹೇಳಿದ್ದರೆ ‘ಇದು ನನ್ನ ಕಾಯಿಲೆಯಲ್ಲ, ಆಸ್ಪತ್ರೆಗೆ ಹೋಗು’ ಅನ್ನುತ್ತಿದ್ದನೋ ಏನೋ. ಅಪ್ಪನನ್ನು ಬೈಯುವವರಿಗೆಲ್ಲ ನಾನು ಈ ಸಂಗತಿ ಹೇಳುತ್ತೇನೆ. ಅವನು ತಪ್ಪು ಬೆಳಕಿನಲ್ಲಿ ನೋಡಿದ; ನಾನು ಹಗಲು ಬೆಳಕಿನಲ್ಲೇ ಸುಳ್ಳು ಹೇಳಿದೆ.

ಮೂರು ದಿನ ಪಥ್ಯ ಅಂದ ಅಜ್ಜ. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ, ಬಿಸಿಲಿಲ್ಲ. ಹೊಸ್ತಿಲು ದಾಟಬಾರದು. “ಕಬ್ಬಿನಾಲು ಕುಡಿ. ಎಷ್ಟು ಕುಡಿದ್ರೆ ಅಷ್ಟು ಬಿರ್ನೆ ಇಳೀತದೆ.”

ನನ್ನನ್ನು ಒಳಗಿನ ಕೋಣೆಗೆ ಹಾಕಿದರು. ಹಳೇ ಅಚ್ಚುಗಳು, ತಕ್ಕಡಿ, ಮುರಿದ ಕುಲುಮೆ ಇಡುವ ಕೋಣೆ. ಇರುವ ಒಂದು ಕಿಟಕಿ ಪಕ್ಕದ ಮನೆಯ ಗೋಡೆಗೆ ಮೂಗು ಒತ್ತಿಕೊಂಡಿದೆ. ಮೊದಲ ದಿನ ಎರಡು ಸಲ ಅಂಗಡಿಯ ಕಡೆ ತೂರಾಡಿಕೊಂಡು ಹೋದೆ ಅಂತ ಅವ್ವ ಹೊರಗಿನಿಂದ ಚಿಲಕ ಹಾಕಿದಳು. ಬಚ್ಚಲಿಗೆ ಹೋಗಬೇಕಾದರೆ ಬಾಗಿಲು ಬಡಿಯಬೇಕು. ಐದು ನಿಮಿಷಕ್ಕೊಮ್ಮೆ ಬಡಿಯುತ್ತಿದ್ದೆ. ಕೊನೆಗೆ ಅವಳು ಒಂದು ಬಕೆಟ್ಟು ಇಟ್ಟಳು.

“ಅವ್ವಾ, ಜೈಲಲ್ಲೂ ವಾರಕ್ಕೊಂದಿನ ಕೋಳಿ ಹಾಕ್ತಾರಂತೆ” ಅಂದೆ ಬಾಗಿಲ ಸಂದಿಯಿಂದ.

“ನಾವು ಕೋಳಿ ತಿನ್ನೋರೇನ್ಲಾ? ಸುಮ್ಕೆ ಮನಿಕೊ ಮಗಾ, ಭಾನುವಾರ ಕಳದ್ರೆ ಮುಗೀತು.”

ಗೆಳೆಯ ದಿನಕ್ಕೆ ಎರಡು ಹೊತ್ತು ಆಲೆಮನೆಯಿಂದ ತಾಜಾ ಕಬ್ಬಿನ ಹಾಲನ್ನು ಹಾಲಿನ ಕ್ಯಾನಿನಲ್ಲೇ ತುಂಬಿಸಿ ತರುತ್ತಿದ್ದ. ಎಳನೀರು, ಗ್ಲೂಕೋಸ್ ಪುಡಿ ಬೇರೆ. ಆ ಕೋಣೆಯಲ್ಲಿ ನಾನು ಕುಡಿದದ್ದನ್ನು ಕಾಯಿಸಿ ಅಚ್ಚಿಗೆ ಹೊಯ್ದಿದ್ದರೆ ಒಂದು ಮದುವೆಗಾಗುವಷ್ಟು ಬೆಲ್ಲ ಆಗುತ್ತಿತ್ತು. ಲೋಟ ಬಾಯಿಗಿಟ್ಟಾಗ ಸ್ವರ್ಗ. ಕೆಳಗಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚು ದಾಹ. ದಾಹಕ್ಕೆ ಕುಡಿಯುತ್ತೇನೆ, ಕುಡಿದದ್ದಕ್ಕೆ ದಾಹ. ಗಾಣಕ್ಕೆ ಕಟ್ಟಿದ ಎತ್ತಿಗಾದರೂ ಸಂಜೆ ಬಿಚ್ಚುವವರು ಇರುತ್ತಾರೆ. ಶನಿವಾರದ ಹೊತ್ತಿಗೆ ನನಗೆ ಭಯವಾಗಿತ್ತು. ಆದರೆ ಹೇಳುವುದು ಹೇಗೆ? ನಾನು ‘ಸಾಯ್ತಾ ಇದೀನಿ’ ಅಂದರೆ ಮನೆಯವರು ಯಾರ ಹಾಗೆ ಮಾಡುತ್ತಿದ್ದಾನೆ ಅಂತ ಯೋಚಿಸುತ್ತಾರೆ.

ಭಾನುವಾರ ಮಧ್ಯಾಹ್ನ ಗೆಳೆಯ ಕ್ಯಾನು ಹಿಡಿದು ಕೋಣೆಗೆ ಬಂದ. ನಾನು ಗೋಡೆಗೊರಗಿ ಕೂತಿದ್ದೆ. ಉಸಿರು ತಾನೇ ತಾನಾಗಿ ಆಳದಿಂದ ಬರುತ್ತಿತ್ತು, ಹೋಗುತ್ತಿತ್ತು. ನಿಲ್ಲಿಸೋಣ ಅಂದರೆ ನನ್ನ ಕೈಯಲ್ಲಿಲ್ಲ.

“ಏನ್ಲಾ ಇದು, ಉಳೋ ಎತ್ತಿನ್ ಥರ ಮಾಡ್ತಿದ್ದೀಯ? ಚೆನ್ನಾಗದೆ, ಸಾಕು ಬುಡು” ಅಂತ ನಕ್ಕ.

ನಾನು ನಗಲಿಲ್ಲ. ಅವನು ಕ್ಯಾನು ಕೆಳಗಿಟ್ಟು ಹತ್ತಿರ ಬಂದ. ಬಗ್ಗಿದ. ನನ್ನ ಬಾಯಿಯ ಹತ್ತಿರ ಮೂಗು ತಂದು ಎರಡು ಸಲ ಮೂಸಿದ. ಬೇರೆ ದಿನವಾಗಿದ್ದರೆ ಆ ಮೂಸುವಿಕೆಯನ್ನು ನಾನು ಒಂದು ವರ್ಷ ಮಾಡಿ ತೋರಿಸುತ್ತಿದ್ದೆ. ಅವನ ಮುಖ ಬದಲಾಯಿತು.

“ಆಚಾರ್ರೇ!” ಅಂತ ಕೂಗಿದ. ಅಪ್ಪ ಬೆಳ್ಳಿ ಉಜ್ಜುವ ಅರ ಕೈಯಲ್ಲಿ ಹಿಡಿದೇ ಬಂದ. “ಆಚಾರ್ರೇ, ಇದು ಕಾಮಾಲೆ ಅಲ್ಲ. ನಮ್ಮ ಕರಿ ಸೀಮೆಅಸ ಕರ ಆಕಿದ್ಮೇಲೆ ಮೇವು ಬುಟ್ಟಿತ್ತಲ್ಲ, ಅದರ ಬಾಯಿಂದ ಇದೇ ನಾತ ಬತ್ತಿತ್ತು. ಕೊಳೆತ ಅಣ್ಣಿನ್ ಥರ. ದನದ್ ಡಾಕ್ಟ್ರು ಅಂದ್ರು, ಒಳಗಿರೋ ಕೊಬ್ಬು ಕರಗಿ ವಿಸ ಆಯ್ತದೆ, ಇನ್ನೊಂದಿನ ಬುಟ್ಟಿದ್ರೆ ಓಗಿರೋದು ಅಂತ.”

“ಅಸಿನ ಲೆಕ್ಕವ ಮನ್ಸನ್ಗೆ ಆಕ್ತೀಯೇನ್ಲಾ?” ಅಂದ ಅಪ್ಪ.

“ನೀವು ಬಂಗಾರದ್ ಲೆಕ್ಕ ಆಕ್ಲಿಲ್ವಾ?”

ಅಪ್ಪ ಅರವನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡ. “ಸಂಜೆಗೆ ಪಥ್ಯ ಮುಗೀತದೆ. ಈಗ ಒಸ್ಲು ದಾಟಿದ್ರೆ ಔಸ್ದಿ ಕೆಡ್ತದೆ” ಅಂದ. ದನಿಯಲ್ಲಿ ಮಾತ್ರ ಬಲವಿರಲಿಲ್ಲ. ಅಷ್ಟರಲ್ಲಿ ಅವ್ವ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿದ್ದಳು. “ಕೆಟ್ರೆ ಕೆಡ್ಲಿ ಬುಡಿ. ಔಸ್ದಿ ಏನು ನಾ ಎತ್ತ ಮಗನಾ?”

ಪಿಕಪ್ಪಿನ ಮುಂದಿನ ಸೀಟಿನಲ್ಲಿ ಗೆಳೆಯ, ಅವ್ವ, ನಡುವೆ ನಾನು. ಹಿಂದೆ ಖಾಲಿ ಹಾಲಿನ ಕ್ಯಾನುಗಳ ಜೊತೆ ಅಪ್ಪ. ಮೈಸೂರಿಗೆ ಹೊರಟೆವು. ಶ್ರೀರಂಗಪಟ್ಟಣದಲ್ಲಿ ಸಿಕ್ಕಿಹಾಕಿಕೊಂಡೆವು. ಭಾನುವಾರ, ಪ್ರವಾಸಿಗಳ ಬಸ್ಸು, ಕಾರು, ನಡುವೆ ಸ್ಕೂಟರಿನಲ್ಲಿ ಐದು ಜನರ ಸಂಸಾರಗಳು. ಮುಂದಿನ ಬಸ್ಸಿನ ಹಿಂದೆ ಬರೆದ ಸಾಲನ್ನು ಎಷ್ಟು ಸಲ ಓದಿದೆನೋ, ಒಂದು ಅಕ್ಷರವೂ ನೆನಪಿಲ್ಲ. ರಸ್ತೆ ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಅದರ ಗಾಣದ ಗೆಜ್ಜೆಯ ಸದ್ದು ಕೇಳಿ ನಾನು “ಅವ್ವಾ, ಒಂದ್ ಲೋಟ” ಅಂದೆ. ಅವಳು ಪಾಪ, ಕಿಟಕಿಯಿಂದ ಕೈಚಾಚಿ ಕೊಂಡಳು. ಗೆಳೆಯ ಲೋಟ ಕಿತ್ತುಕೊಂಡು ರಸ್ತೆಗೆ ಚೆಲ್ಲಿದ. ಮೂರು ದಿನ ತಾನೇ ಹೊತ್ತು ತಂದು ಕುಡಿಸಿದವನು. ಆಮೇಲೆ ಹಾರನ್ ಮೇಲಿನಿಂದ ಕೈ ತೆಗೆಯಲಿಲ್ಲ. ಅಳುತ್ತಿದ್ದ ಅಂತ ಅವ್ವ ಹೇಳುತ್ತಾಳೆ. ಅವನನ್ನು ಕೇಳಿದರೆ ಧೂಳು ಅನ್ನುತ್ತಾನೆ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿದರು. ಸಕ್ಕರೆ ನೋಡುವ ಯಂತ್ರ ‘ನನ್ನ ಲೆಕ್ಕಕ್ಕೆ ಮೀರಿದ್ದು’ ಅಂತ ಅಂಕಿ ತೋರಿಸದೆ ಕೈಚೆಲ್ಲಿತು. ಆಮೇಲಿನದು ನನಗೆ ತುಂಡು ತುಂಡು. ಎರಡೂ ಕೈಗೆ ಸೂಜಿ, ಕೆಳಗೊಂದು ಕೊಳವೆ, ಎದೆಗೆ ವೈರು. ಪಕ್ಕದ ಮಂಚದ ಯಂತ್ರ ಕೂಗುತ್ತಿದ್ದುದನ್ನು ಮನಸ್ಸಿನಲ್ಲೇ ಅನುಕರಿಸುತ್ತಿದ್ದೆ. ಬಾಯಿಯಿಂದ ಆಗುತ್ತಿರಲಿಲ್ಲ.

ಮೂರನೆಯ ದಿನ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿ ಹೇಳಿದರು. “ನೋಡಪ್ಪ, ಹಿಂದಿನ ಮೂರು ತಿಂಗಳ ಸಕ್ಕರೆ ಎಷ್ಟಿತ್ತು ಅಂತ ಹೇಳುವ ಒಂದು ಪರೀಕ್ಷೆಯಿದೆ. ನಿನ್ನದು ಅದರಲ್ಲಿ ಹೆಚ್ಚುಕಡಿಮೆ ಸರಿಯಾಗೇ ಇದೆ. ಅಂದರೆ ಇದು ಹಳೇದಲ್ಲ, ಈಗ ಕೆಲವು ದಿನದಲ್ಲಿ ಆಗಿರೋದು. ಹೊಟ್ಟೆಯೊಳಗೆ ಇನ್ಸುಲಿನ್ ಮಾಡೋ ಜೀವಕೋಶಗಳಿರುತ್ತವೆ. ನಿನ್ನಲ್ಲಿ ಅವು ಒಟ್ಟಿಗೆ ಹೋಗಿಬಿಟ್ಟಿವೆ. ಆ ಜ್ವರದ ವೈರಸ್ಸು ಕಾರಣ ಇರಬಹುದು. ವೈರಸ್ಸನ್ನು ಹೊಡೆಯೋಕೆ ಹೋದ ನಿನ್ನ ಮೈಯೇ ಅವನ್ನೂ ಹೊಡೆದಿರಬಹುದು. ಖಚಿತವಾಗಿ ಇದೇ ಅಂತ ನಾನು ಹೇಳಲಾರೆ.”

“ನಮ್ಮ ಮನೇಲಿ ಮೂರು ಜನುಕ್ಕೂ ಅದೇ ಜ್ವರ ಬಂದಿತ್ತಲ್ಲ ಮೇಡಂ” ಅಂದಳು ಅವ್ವ.

“ಹೌದಮ್ಮ. ಬಹಳ ಜನಕ್ಕೆ ಬಂದು ಹೋಗುತ್ತೆ. ಯಾರೋ ಒಬ್ಬರಿಗೆ ಹೀಗಾಗುತ್ತೆ. ಯಾಕೆ ಅವರಿಗೇ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ.”

ಅಪ್ಪ ಇಷ್ಟರವರೆಗೆ ಚಪ್ಪಲಿ ನೋಡುತ್ತಿದ್ದವನು ತಲೆಯೆತ್ತಿದ. “ನಾನು ಕುಡಿಸಿದ ಕಬ್ಬಿನಾಲಿಂದ ಬಂತಾ ಮೇಡಂ?”

“ಬಂದದ್ದು ಅದರಿಂದಲ್ಲ. ಬಂದ ಮೇಲೆ ಹೆಚ್ಚಾದದ್ದು ಅದರಿಂದ.”

“ಅಂಗಾರೆ ಆ ವೈರಸ್ಸು ಓದ್ಮೇಲೆ ಇದೂ ಓಯ್ತದಲ್ವಾ?”

“ಇಲ್ಲ. ಜೀವಪೂರ್ತಿ ಇನ್ಸುಲಿನ್ ಬೇಕು.”

ಅವರು ಇಷ್ಟು ಸ್ಪಷ್ಟವಾಗಿ ಹೇಳಿದರು. ಆದರೆ ಅಪ್ಪನ ಕಿವಿಗೆ ಬಿದ್ದದ್ದು ‘ಇರಬಹುದು’ ಒಂದೇ.

ಮನೆಗೆ ಬಂದೆ. ಕೋಣೆಯ ಚಿಲಕ ತೆಗೆದಿತ್ತು, ಆದರೆ ಈಗ ಚಿಲಕ ಗಡಿಯಾರದಲ್ಲಿತ್ತು. ತಿನ್ನುವ ಮೊದಲು ಬೆರಳು ಚುಚ್ಚು, ನೋಡು, ಹೊಟ್ಟೆಗೆ ಚುಚ್ಚು, ಆಮೇಲೆ ತಿನ್ನು. ಮಲಗುವ ಮೊದಲು ಇನ್ನೊಂದು. ಒಂದು ಮುದ್ದೆ ಹೆಚ್ಚಾದರೆ ತಪ್ಪು, ಕಡಿಮೆಯಾದರೆ ಕೈ ನಡುಕ, ಬೆವರು. ಬೆಸುಗೆಗೆ ಕೂತರೆ ನಡುವೆ ಏಳಬೇಕು. ಮದುವೆಗೆ ಹೋದರೆ ಪಂಕ್ತಿಯಲ್ಲಿ ಕೂತು ಅಂಗಿ ಎತ್ತುವವನು ನಾನೊಬ್ಬನೇ. ಬಡಿಸುವವನು ಪಾಯಸದ ಬಕೆಟ್ಟನ್ನು ನನ್ನ ಎಲೆಯ ಮುಂದೆ ಸೂತಕದ ಮನೆ ದಾಟಿದ ಹಾಗೆ ದಾಟಿಸುತ್ತಾನೆ. ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಕಷಾಯ ಹೇಳಿ ಹೋದರು. ನಾಗಮಂಗಲದ ದೊಡ್ಡಮ್ಮ ಮಾತ್ರ ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ ತೀರ್ಮಾನ ಕೊಟ್ಟಳು.

“ನಮ್ಮ ವಂಸದಲ್ಲೇ ಇಲ್ಲ. ಇದು ವೈರಸ್ಸಿಂದ ಬಂದಿರೋದು. ಬಂದದ್ದು ಓಯ್ತದೆ. ಇರಾಕೆ ಅದೇನು ಮನೆಅಳಿಯನಾ?”

ಅವಳು ಹೋದ ಮೇಲೆ ಆ ಮಾತನ್ನು ಅವಳ ದನಿಯಲ್ಲೇ, ಸೊಂಟದ ಮೇಲೆ ಕೈಯಿಟ್ಟು ಹೇಳಿ ತೋರಿಸಿದೆ. ಅವ್ವ ಬಹಳ ದಿನದ ಮೇಲೆ ನಕ್ಕಳು. ಅಪ್ಪ ನಗಲಿಲ್ಲ. “ಸರಿಯಾಗೇ ಅಂದವ್ಳೆ” ಅಂದ.

ಆವತ್ತಿನಿಂದ ಅವನು ಅದನ್ನೇ ಹಿಡಿದ. ನಾನು ಚುಚ್ಚಿಕೊಳ್ಳುವಾಗ ಗೋಡೆಯ ಕಡೆ ತಿರುಗುವುದು, ಮುಗಿದ ಮೇಲೆ “ಒಂದೇ ಒಂದಿನ ಬುಟ್ಟು ನೋಡಾನ ಕಣ್ಲಾ” ಅನ್ನುವುದು. ಡಾಕ್ಟರಮ್ಮ ಇನ್ನೊಂದು ಪರೀಕ್ಷೆ ಮಾಡಿಸಿ, ನನ್ನ ಮೈ ತಾನಾಗಿ ಮಾಡುವ ಇನ್ಸುಲಿನ್ ಇಲ್ಲವೇ ಇಲ್ಲ ಅಂತ ಕಾಗದ ತೋರಿಸಿದರು. ಅಪ್ಪ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮಡಿಚಿ ಜೇಬಿಗಿಟ್ಟ. “ಇನ್ನಾ ಮೂರು ತಿಂಗ್ಳಾಗದೆ ಅಷ್ಟೇ” ಅಂದ. ಅವನಿಗೆ ಕಾಯಿಲೆ ಹೋಗುವುದಷ್ಟೇ ಬೇಕಿರಲಿಲ್ಲ. ಅದು ಹೋದರೆ ನನ್ನನ್ನು ಕೋಣೆಯಲ್ಲಿಟ್ಟ ಆ ಮೂರು ದಿನಗಳೂ ಹೋಗುತ್ತಿದ್ದವು.

ನಾನು ಅವನನ್ನು ಅಣಕಿಸುತ್ತಾ ತಿರುಗಿದೆ. ಆದರೆ ಬರೆಯುವಾಗ ನಿಜ ಬರೆಯಬೇಕು: ನನಗೂ ಸೂಜಿ ಬಿಡಬೇಕಿತ್ತು. ಅವನಿಗಿಂತ ಹೆಚ್ಚು.

ಐದನೆಯ ತಿಂಗಳು ಒಂದು ಭಾನುವಾರ ಅಪ್ಪ ನಾನು ತೊಣ್ಣೂರಿಗೆ ಕೊಟ್ಟ ಅಕ್ಕನ ಮನೆಗೆ ಊಟಕ್ಕೆ ಹೋದೆವು. ಹಿಂದಿನ ದಿನ ಮಲಗುವಾಗಿನ ಸೂಜಿ ಹಾಕಿರಲಿಲ್ಲ. ಬೆಳಗಿನದನ್ನೂ ಹಾಕಲಿಲ್ಲ. ಬಸ್ಸಿನಲ್ಲಿ ಅಪ್ಪನ ಕಿವಿಯಲ್ಲಿ ಹೇಳಿದೆ. ಅವನು ನನ್ನನ್ನೇ ನೋಡಿ, ಕಂಡಕ್ಟರ್ ಕೇಳುವ ಮೊದಲೇ ಎರಡು ಟಿಕೆಟ್ಟಿಗೆ ಮೂರು ಟಿಕೆಟ್ಟಿನ ದುಡ್ಡು ಚಾಚಿದ. ಅಷ್ಟು ಸಂತೋಷ. ಅಕ್ಕನ ಮನೆಯಲ್ಲಿ ಇನ್ಸುಲಿನ್ ಚೀಲ ಫ್ರಿಜ್ಜಿಗೆ ಹೋಯಿತು. ನಾನು ಸೂಜಿಯಿಲ್ಲದೆ, ಎಲ್ಲರ ಹಾಗೆ ಸೀದಾ ಬಂದು ಎಲೆಯ ಮುಂದೆ ಕೂತೆ. ಅನ್ನ ಸಾರು ಉಂಡೆ. ಒಬ್ಬಟ್ಟು ಬೇಡ ಅಂದೆ. ಅಷ್ಟು ಜಾಣತನ ಇನ್ನೂ ಉಳಿದಿತ್ತು.

ಊಟವಾದ ಮೇಲೆ ಅಪ್ಪ ನಾನು ಕೆರೆ ಏರಿಯ ಮೇಲೆ ಹೋದೆವು. ಕೆರೆ ತುಂಬಿತ್ತು. ಅಷ್ಟು ನೀರು ಎದುರಿಗಿಟ್ಟುಕೊಂಡು ನನ್ನ ಬಾಟಲಿ ಖಾಲಿಯಾಯಿತು.

“ಬಾಯಾರ್ತಾ ಅದೇನ್ಲಾ?” ಅಂದ ಅಪ್ಪ.

“ಇಲ್ಲಪ್ಪ. ಬಿಸ್ಲು.”

ಹೋಗುತ್ತಾ ಏರಿಯ ಪಕ್ಕದ ಅಂಗಡಿಯಲ್ಲಿ ಇನ್ನೆರಡು ಬಾಟಲಿ ಕೊಂಡೆ. ಒಂದು ಮುಗಿಯಿತು. ಎರಡು ಸಲ ಬೇಲಿಯ ಹಿಂದೆ ಹೋಗಿ ಬಂದೆ. ಮೂರನೆಯ ಬಾಟಲಿ ತೆಗೆಯುವಾಗ ಅಪ್ಪ ನನ್ನ ಗಂಟಲನ್ನೇ ನೋಡುತ್ತಿದ್ದ. ನೀರು ಕೆಳಗಿಳಿಯುವುದನ್ನು, ಗಂಟಲು ಮೇಲೆ ಕೆಳಗೆ ಆಡುವುದನ್ನು. ಅವನ ತುಟಿ ಎಣಿಸುತ್ತಿತ್ತು.

“ಈಗ್ಲೂ ಬಿಸ್ಲಾ?”

ನಾನು ಏನೋ ತಮಾಷೆ ಹುಡುಕಿದೆ. ನಾಲಿಗೆ ಅಂಗುಳಕ್ಕೆ ಅಂಟಿತ್ತು.

“ಇನ್ನೊಂದ್ ಗಂಟೆ ನೋಡಾನಪ್ಪ” ಅಂದೆ. ಐದು ತಿಂಗಳು ಅವನು ಹೇಳಿದ ಮಾತು ನನ್ನ ಬಾಯಿಂದ ಬಂತು. ಅಣಕವಲ್ಲ, ಬೇಡಿಕೆ.

“ಬ್ಯಾಡ, ನಡಿ.”

“ಕಮ್ಮಿ ಆಗ್ಬೋದು.”

“ಆಗಲ್ಲ ಕಣ್ಲಾ.” ಅವನು ನನ್ನ ಮಣಿಕಟ್ಟು ಹಿಡಿದುಕೊಂಡ, ಚಿಕ್ಕವನನ್ನು ರಸ್ತೆ ದಾಟಿಸುವ ಹಾಗೆ. “ಅದು ಓಗಾಕಿಲ್ಲ. ನಂಗೆ ಆ ಕಾಗದ ನೋಡಿದ್ ದಿನವೇ ಗೊತ್ತಿತ್ತು. ನಡಿ.”

ಏರಿಯ ಉದ್ದಕ್ಕೂ ಕೈ ಬಿಡಲಿಲ್ಲ. ಎದುರಿಗೆ ಬಂದವರು ನೋಡಿದರು. ಇಪ್ಪತ್ತಮೂರು ವರ್ಷದ ಗಂಡಸನ್ನು ಅಪ್ಪ ಎಳೆದುಕೊಂಡು ಹೋಗುತ್ತಿದ್ದಾನೆ. ನೋಡಲಿ ಅಂತ ಸುಮ್ಮನೆ ಹೋದೆ.

ಅಕ್ಕನ ಮನೆಯಲ್ಲಿ ಅವನೇ ಫ್ರಿಜ್ಜು ತೆಗೆದು ಚೀಲ ತಂದ. ಬೆರಳು ಚುಚ್ಚಿ ನೋಡಿದೆ. ಅಂಕಿ ಬಂತು, ಹೇಳಿಕೊಳ್ಳುವಂಥದ್ದಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿದೆ. ಎಷ್ಟು ಹಾಕಬೇಕು, ಎಷ್ಟು ನೀರು ಕುಡಿಯಬೇಕು, ವಾಂತಿ ಶುರುವಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಬರಬೇಕು ಅಂತ ಹೇಳಿದರು. ಆಮೇಲೆ ಬೈದರು. ಅವರ ದನಿಯನ್ನು ನಾನು ಇವತ್ತಿಗೂ ಮಾಡಿ ತೋರಿಸಿಲ್ಲ.

ಅಂಗಿ ಎತ್ತಿದೆ. ಅಪ್ಪ ಈ ಸಲ ಗೋಡೆಗೆ ತಿರುಗಲಿಲ್ಲ. ಎದುರಿಗೇ ಕುಕ್ಕರಗಾಲಲ್ಲಿ ಕೂತು, ಕುಸುರಿ ಕೆಲಸಕ್ಕೆ ಕಣ್ಣು ಹತ್ತಿರ ತರುವ ಹಾಗೆ ತಂದು ಸೂಜಿ ಒಳಗೆ ಹೋಗುವುದನ್ನು ನೋಡಿದ. ಹೊಟ್ಟೆಯ ತುಂಬ ಇದ್ದ ಹಳೇ ನೀಲಿ ಕಲೆಗಳನ್ನೂ ಅವತ್ತೇ ನೋಡಿದ್ದು ಅಂತ ಕಾಣುತ್ತದೆ. ಒಂದರ ಮೇಲೆ ಬೆರಳಿಟ್ಟು, ಕೂಡಲೇ ತೆಗೆದ.

ಸೂರ್ಯ ಇಳಿಯುವವರೆಗೂ ಅಂಕಿ ಇಳಿಯುವುದನ್ನು ಕಾಯುತ್ತಾ ಕೂತೆವು. ಕೊನೆಗೆ ಇಳಿಯಿತು. ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ಅಪ್ಪ ಈಚೆಗೆ ಕೂತ, ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು. ಪಾಂಡವಪುರ ಹತ್ತಿರ ಬಂದಾಗ ಕೇಳಿದ.

“ನಾಳೆಗೆ ಅದೇನ್ಲಾ ಇದರಲ್ಲಿ?”

“ಅದೆ.”

“ನಾಡಿದ್ದಿಗೆ?”

“ತರ್ಬೇಕು.”

“ಬೆಳಿಗ್ಗೆ ಎದ್ದೇಟ್ಗೆ ಓಗಾನ” ಅಂದ. ಆಮೇಲೆ ಚೀಲದ ಜಿಪ್ಪು ಎಳೆದು, ಒಳಗಿರುವುದನ್ನು ಒಂದೊಂದಾಗಿ ಮುಟ್ಟಿ ನೋಡಿ, “ಇದ್ಯಾವ್ದು? ಇದು ಯಾವ ಹೊತ್ತಿಂದು?” ಅಂತ ಕೇಳುತ್ತಾ ಹೋದ. ನಾನು ಹೇಳುತ್ತಾ ಹೋದೆ.